ಹೆಸರು ಕೂಗಿದ ಭಾನುವಾರಗಳು

ನಮ್ಮ ಕಫುಲು ಗುಡ್ಡದ ಚರ್ಚಿನವರಿಗೆ ಚಪ್ಪಾಳೆಯ ಹುಚ್ಚು. ಗೋಡೆಗೆ ಇಟ್ಟಿಗೆ ಹೊತ್ತವರಿಗೆ ಚಪ್ಪಾಳೆ. ಮದುವೆಯಾಗಿ ಬಹಳ ವರ್ಷ ಒಬ್ಬರನ್ನೊಬ್ಬರು ಸಹಿಸಿಕೊಂಡವರಿಗೆ ಚಪ್ಪಾಳೆ. ನೆಂಟರ ಮನೆಗೆ ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿರುವವನನ್ನೂ ಎಬ್ಬಿಸಿ ನಿಲ್ಲಿಸಿ ಒಂದು ಹಾಡು. ಪೂಜೆ ಮುಗಿಯುವ ಹೊತ್ತಿಗೆ ಉಪದೇಶಿ ಬೊನಿಫಾಸಿಯೊ ಬಲಿಪೀಠದ ಪಕ್ಕಕ್ಕೆ ಬಂದು ಗಂಟಲು ಸರಿ ಮಾಡಿಕೊಂಡರೆ ಸಾಕು, ಡೋಲಿನವನು ಅಂಗೈ ಒರೆಸಿಕೊಳ್ಳುತ್ತಾನೆ, ನಾವು ಹೆಂಗಸರು ಸಂಭ್ರಮಕ್ಕೆ ನಾಲಿಗೆ ಆಡಿಸಿ ಕೂಗಲು ತಯಾರಾಗುತ್ತೇವೆ. ಹೆಸರು ಕೂಗಿಸಿಕೊಂಡವರು ಒಂದು ವಾರ ಊರಲ್ಲಿ ಎದೆ ಉಬ್ಬಿಸಿಕೊಂಡು ಓಡಾಡುತ್ತಾರೆ. ದೊರೊತೆಯಾ ಈ ಚಪ್ಪಾಳೆ ಕೇಳುತ್ತಲೇ ಬೆಳೆದವಳು. ಅವಳ ವಿಷಯ ಹೇಳಬೇಕಾದರೆ ಇದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ನೀವು ಅವಳನ್ನು ಕೆಟ್ಟವಳು ಅಂದುಕೊಂಡುಬಿಡುತ್ತೀರಿ.

ನಾನು ಮಿಷನ್ ಆಸ್ಪತ್ರೆಯ ಗೇಟಿನೆದುರು ಮಾವಿನ ಮರದ ಕೆಳಗೆ ಮಂದಾಸಿ ಕರಿದು ಮಾರುವವಳು. ಹುದುಗು ಬಂದ ಹಿಟ್ಟನ್ನು ಉಂಡೆ ಮಾಡಿ ಎಣ್ಣೆಗೆ ಬಿಡುವುದು, ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ನೋಡುವುದು, ಇವೆರಡೇ ನನ್ನ ಕೆಲಸ. ನೋಡುವುದರಲ್ಲಿ ನನ್ನನ್ನು ಮೀರಿಸುವವರು ಈ ಗುಡ್ಡದಲ್ಲಿಲ್ಲ.

ದೊರೊತೆಯಾಳ ಅಪ್ಪ ಪಕ್ಕದ ಗುಡ್ಡದ ಉಪದೇಶಿಯಾಗಿದ್ದ. ಅಮ್ಮ ಎರಡನೆಯ ಹೆರಿಗೆಯಲ್ಲಿ, ಮನೆಯ ಚಾಪೆಯ ಮೇಲೆ, ರಕ್ತ ನಿಲ್ಲದೆ ಸತ್ತಳು. ಆಗ ನಮ್ಮ ಕಡೆ ಆಸ್ಪತ್ರೆಯೆಂದರೆ ಮಠದ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಒಂದು ಕೋಣೆ, ಒಂದು ಮಂಚ. ಅವರೇ ಈ ಹುಡುಗಿಯನ್ನು ಹಾಸ್ಟೆಲಿಗೆ ಸೇರಿಸಿಕೊಂಡು ಓದಿಸಿದರು. ಆಮೇಲೆ ಬಿಷಪ್ಪರ ಕಚೇರಿಯವರು ಗುಡ್ಡದ ಹುಡುಗಿಯರನ್ನು ಚರ್ಚಿನ ನರ್ಸಿಂಗ್ ಶಾಲೆಗೆ ಕಳಿಸುವ ಏರ್ಪಾಡು ಮಾಡಿದಾಗ ಮೊದಲು ಹೋದವಳು ಅವಳೇ. ಷರತ್ತು ಒಂದೇ: ಕಲಿತ ಮೇಲೆ ಪಟ್ಟಣಕ್ಕೆ ಓಡಿಹೋಗಬಾರದು, ಗುಡ್ಡಕ್ಕೆ ವಾಪಸ್ ಬರಬೇಕು. ಬೇರೆಯವರು ಕಣ್ಣು ತಪ್ಪಿಸಿ ಪಟ್ಟಣದ ಖಾಸಗಿ ಆಸ್ಪತ್ರೆಗಳಿಗೆ ಜಾರಿಕೊಂಡರು. ದೊರೊತೆಯಾ ಬಿಳಿ ಉಡುಪು ಹಾಕಿಕೊಂಡು, ತಲೆ ಮೇಲೆ ಟ್ರಂಕು ಹೊತ್ತು, ಕೆಸರಲ್ಲಿ ನಡೆದು ಬಂದಳು.

ಬಂದವಳು ಸುಮ್ಮನೆ ಕೂರಲಿಲ್ಲ. ಚರ್ಚಿನ ಮಹಿಳಾ ಸಂಘದವರನ್ನೆಲ್ಲ ನನ್ನ ಮಾವಿನ ಮರದ ಕೆಳಗೆ ಸೇರಿಸಿ ಪಾಠ ಹೇಳಿದಳು. ಬಸುರಿಗೆ ಕಾಲು ಊದಿದರೆ ಏನು, ಕಣ್ಣು ಮಂಜಾದರೆ ಏನು, ಜ್ವರ ಬಂದರೆ ಎಷ್ಟು ಬೇಗ ಕರೆತರಬೇಕು. ನಾನೂ ಕಲಿತೆ. ಕಲಿಯುತ್ತ ಕಲಿಯುತ್ತ ಅವಳು ಬೈಯುವುದನ್ನೂ ಕೇಳಿಸಿಕೊಂಡೆ. ಬಾಯಿ ಜೋರು ಹುಡುಗಿ. ಮಿಷನ್ ಶಾಲೆಯ ಮೇಷ್ಟ್ರು ಲಾಜರೊ ಅವಳನ್ನು ಮದುವೆಯಾಗಿ, ನಮ್ಮ ಪದ್ಧತಿಯಂತೆ ಹೆಂಡತಿಯಿರುವ ಊರಿಗೇ ಬಂದು ಮನೆ ಮಾಡಿದ. ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಊರಿನ ಕೂಸುಗಳನ್ನೆಲ್ಲ ಕೈಯಲ್ಲಿ ಹಿಡಿಯುವವಳಿಗೆ ತನ್ನದೊಂದು ಸಿಕ್ಕಲಿಲ್ಲ ಎಂದು ಬಾವಿಯ ಹತ್ತಿರ ಹೆಂಗಸರು ಆಡಿಕೊಳ್ಳುತ್ತಿದ್ದರು. ಅವಳು ಬಂದರೆ ಮಾತು ಮೆಕ್ಕೆಜೋಳದ ಕಡೆಗೆ ತಿರುಗುತ್ತಿತ್ತು.

ಅವಳಿಗೆ ಇದ್ದ ದೊಡ್ಡ ಚಿಂತೆಯೆಂದರೆ ನಮ್ಮ ಹೆಂಗಸರು ತಡವಾಗಿ ಬರುವುದು. ಏಳನೇ ತಿಂಗಳು, ಎಂಟನೇ ತಿಂಗಳು, ಕೆಲವರು ನೋವು ಶುರುವಾದ ಮೇಲೆಯೇ. ಮಲೇರಿಯಾ ತಡೆಯುವ ಮಾತ್ರೆಯನ್ನು ಬೇಗ ಶುರು ಮಾಡಿದರೆ ಮಗು ಉಳಿಯುತ್ತದೆ, ಅಷ್ಟು ತಡವಾಗಿ ಬಂದರೆ ಏನು ಮಾಡಲಿ ಎಂದು ಅವಳು ತಲೆ ಚಚ್ಚಿಕೊಳ್ಳುತ್ತಿದ್ದಳು.

ತಡವಾಗಿ ಬರುವುದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ನಮ್ಮಲ್ಲಿ ಹೊಟ್ಟೆ ತಾನಾಗಿ ಕಾಣುವವರೆಗೆ ಬಸುರಿನ ಮಾತು ಆಡುವುದಿಲ್ಲ. ಸೊಂಟಕ್ಕೆ ಸುತ್ತುವ ಚಿತೆಂಜೆ ಬಟ್ಟೆಯನ್ನು ಸ್ವಲ್ಪ ಸಡಿಲ ಮಾಡಿ, ಮೇಲೊಂದು ಬಟ್ಟೆ ಹೊದ್ದು ಓಡಾಡುತ್ತೇವೆ. ಗೊತ್ತಾದವರು ಕೂಡ ನೋಡಿಯೂ ನೋಡದ ಹಾಗೆ ಕಣ್ಣು ತಗ್ಗಿಸುತ್ತಾರೆ. ಹೊಟ್ಟೆಕಿಚ್ಚಿನವರು ಎಲ್ಲ ಊರಲ್ಲೂ ಇದ್ದಾರೆ, ಮಾಟ ಮಾಡಿಸುವವರೂ ಇದ್ದಾರೆ. ಎಳೆಯ ಬಸುರು ಅವರ ಕಿವಿಗೆ ಬಿದ್ದರೆ ಮುಗಿಯಿತು. ಪೂಜೆಗೆ ತಪ್ಪದೆ ಬರುವವರೂ ಇದನ್ನು ನಂಬುತ್ತಾರೆ. ನಾನು ನಂಬುತ್ತೇನೋ ಇಲ್ಲವೋ ಎಂದು ಕೇಳಬೇಡಿ.

ಒಂದು ದಿನ ದೊರೊತೆಯಾ ನನ್ನ ಬಾಣಲೆಯ ಎದುರು ಕುಕ್ಕರುಗಾಲಲ್ಲಿ ಕೂತು ಬಿಸಿ ಮಂದಾಸಿ ಮುರಿಯುತ್ತ ಹೇಳಿದಳು:

"ಅಕ್ಕಾ, ಇಟ್ಟಿಗೆ ಹೊತ್ತೋರಿಗೆ ಹಾಡ್ತೀರಲ್ಲ, ಮಗು ಹೊತ್ತೋಳಿಗೆ ಯಾಕೆ ಹಾಡಬಾರದು?"

"ಹೆತ್ತ ಮೇಲೆ ಹಾಡೋಣ ಬಿಡೇ."

"ಹೆತ್ತ ಮೇಲಲ್ಲ. ಮೊದಮೊದಲೇ ತಪಾಸಣೆಗೆ ಬಂದೋರ ಹೆಸರನ್ನ ಭಾನುವಾರ ಕೂಗಿಸ್ತೀನಿ. ನಿಲ್ಲಿಸಿ ಚಪ್ಪಾಳೆ ಹೊಡೆಸ್ತೀನಿ. ಒಬ್ಬಳಿಗೆ ಮರ್ಯಾದೆ ಸಿಕ್ಕಿದ್ದು ನೋಡಿ ಹತ್ತು ಜನ ಬರ್ತಾರೆ."

"ಏನೇ, ತಲೆ ನೆಟ್ಟಗಿದೆಯಾ? ಯಾವಳು ನಿಲ್ತಾಳೆ?"

"ನಿಂತರೆ ತಾನೇ ಭಯ ಹೋಗೋದು? ಕತ್ತಲಲ್ಲಿ ಬಚ್ಚಿಟ್ಟೇ ನಮ್ಮಮ್ಮ ಸತ್ತಿದ್ದು."

ಅಮ್ಮನ ಹೆಸರು ಎತ್ತಿದ ಮೇಲೆ ನಾನು ಎಣ್ಣೆಗೆ ಇನ್ನೊಂದು ಉಂಡೆ ಬಿಟ್ಟೆ. ಪಟ್ಟಣದಿಂದ ಬಂದಿದ್ದ ಎಳೆ ವಯಸ್ಸಿನ ಪಾದ್ರಿಗೆ ಈ ಯೋಚನೆ ಬಹಳ ಹಿಡಿಸಿತು. ಬಿಷಪ್ಪರ ಕಚೇರಿಯಿಂದ ತರಬೇತಿ ನೋಡಲು ಬಂದ ಹೆಂಗಸಂತೂ, ಬಲಿಪೀಠಕ್ಕಿಂತ ದೊಡ್ಡ ಲೌಡ್‌ಸ್ಪೀಕರ್ ಎಲ್ಲಿದೆ, ಬೇರೆ ಆಸ್ಪತ್ರೆಯವರೂ ನಿನ್ನಿಂದ ಕಲಿಯಲಿ ಎಂದು ಬೆನ್ನು ತಟ್ಟಿ ಹೋದಳು.

ಮೊದಲ ಭಾನುವಾರ ಕೂಗಿದ ಹೆಸರು ಫಾಲೇಸಿಯದು. ಮದುವೆಯಾಗಿ ವರ್ಷ ತುಂಬದ ಹುಡುಗಿ, ಮಾತು ಕಡಿಮೆ. ದೊರೊತೆಯಾಳ ಮೇಲಿನ ನಂಬಿಕೆಯಿಂದ, ಅಮ್ಮನಿಗೂ ಹೇಳದೆ ತಪಾಸಣೆಗೆ ಬಂದಿದ್ದಳು. ಕೂಗುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದರೆ ಖುಷಿ ಕಡಿಮೆಯಾಗುತ್ತದೆ ಎಂದು ದೊರೊತೆಯಾ ಅಂದುಕೊಂಡಿದ್ದಳಂತೆ. ಬೊನಿಫಾಸಿಯೊ ಗಂಟಲು ಸರಿ ಮಾಡಿಕೊಂಡು, "ನಮ್ಮ ಫಾಲೇಸಿ ಎಳೆ ಬಸುರಲ್ಲೇ ಆಸ್ಪತ್ರೆಗೆ ಬಂದು ಎಲ್ಲರಿಗೂ ದಾರಿ ತೋರಿಸಿದ್ದಾಳೆ, ಏಳಮ್ಮ" ಎಂದು ಗಟ್ಟಿಯಾಗಿ ಕೂಗಿದ. ಡೋಲು ಬಡಿಯಿತು. ಅಕ್ಕಪಕ್ಕದವರು ಅವಳನ್ನು ತಿವಿದು ಎಬ್ಬಿಸಿದರು. ಅವಳು ಎದ್ದಳು, ಇನ್ನೂ ಏನೂ ಕಾಣದ ಹೊಟ್ಟೆಯ ಮೇಲೆ ಎರಡು ಕೈಯಲ್ಲೂ ಬಟ್ಟೆ ಎಳೆದುಕೊಂಡು ನಿಂತಳು. ನಾವು ಹಾಡಿದೆವು. ಹಾಡು ಶುರುವಾದರೆ ನಮ್ಮವರಿಗೆ ಹಿಂದುಮುಂದು ತಿಳಿಯುವುದಿಲ್ಲ. ಹಾಡು ಮುಗಿಯುವ ಮುಂಚೆಯೇ ಅವಳ ಅಮ್ಮ ಎಲೆನಾ ಎದ್ದು ಬಂದು, ಮಗಳ ಮಣಿಕಟ್ಟು ಹಿಡಿದು ಹೊರಗೆ ನಡೆಸಿಕೊಂಡು ಹೋದಳು. ದೊರೊತೆಯಾ ಮುಂದಿನ ಬೆಂಚಿನಲ್ಲಿ ಕೂತು ನಗುತ್ತಿದ್ದಳು. ಹಿಂದೆ ನಡೆದದ್ದು ಅವಳಿಗೆ ಕಾಣಲಿಲ್ಲ.

ಮುಂದಿನ ಭಾನುವಾರಗಳಲ್ಲಿ ಇನ್ನೂ ಕೆಲವು ಹೆಸರುಗಳು ಬಂದವು. ಆಮೇಲೆ ಬರುವುದು ನಿಂತಿತು. ಆಸ್ಪತ್ರೆಯ ಬಸುರಿಯರ ಬೆಂಚಿನ ಮೇಲೆ ಕೋಳಿ ಹತ್ತಿ ಕೂರತೊಡಗಿತು. ನನ್ನ ಮಂದಾಸಿ ಬುಟ್ಟಿಯಲ್ಲೇ ತಣ್ಣಗಾಗುತ್ತಿತ್ತು. ತುಂಬಿದ ಹೊಟ್ಟೆಯವರು ಕೂಡ ಗೇಟಿನ ಮುಂದೆ ಹಾಯದೆ ಹೊಲದ ಬದುವಿನ ಮೇಲೆ ಸುತ್ತಿಕೊಂಡು ಹೋಗುತ್ತಿದ್ದರು. ದೊರೊತೆಯಾ ನನ್ನನ್ನು ಎಲೆನಾಳ ಮನೆಗೆ ಕಳಿಸಿದಳು. ಎಲೆನಾ ಅಂಗಳದಲ್ಲಿ ಒರಳಿಗೆ ಒನಕೆ ಹಾಕುತ್ತಿದ್ದಳು. ನಿಲ್ಲಿಸಲಿಲ್ಲ.

"ಫಾಲೇಸಿ ಮಾತ್ರೆಗೆ ಬರಲಿಲ್ಲ ಅಂತ ದೊರೊತೆಯಾ ಸಿಸ್ಟರ್ ಕೇಳ್ತಿದ್ರು," ಎಂದೆ.

"ಹೌದಾ? ಇನ್ನೇನು ಬೇಕಂತೆ ಅವರಿಗೆ? ನನ್ನ ಮಗಳ ಹೊಟ್ಟೇನ ಸಂತೇಲಿ ಇಟ್ಟಾಯ್ತಲ್ಲ. ಬೆಲೆ ಕಟ್ಟೋಕೆ ಬಂದೆಯಾ ನೀನು?"

"ಹಂಗಲ್ಲ ಎಲೆನಾ, ಮಳೆಗಾಲ, ಸೊಳ್ಳೆ..."

"ನೀನೂ ನಾಲಿಗೆ ಆಡಿಸಿ ಕೂಗಿದೆ. ನಾನು ನೋಡಿದೆ. ಹೋಗು, ಹಿಟ್ಟು ಹಾರಿ ಕಣ್ಣಿಗೆ ಬೀಳುತ್ತೆ."

ನಾನು ಬಂದೆ. ದೊರೊತೆಯಾಗೆ ಎಲ್ಲವನ್ನೂ ಹೇಳಿದೆ, ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಅವಳು ಕೇಳಿಸಿಕೊಂಡು, "ಅಭ್ಯಾಸ ಆಗ್ಬೇಕು ಅಕ್ಕಾ, ನಿಧಾನಕ್ಕೆ ಆಗುತ್ತೆ," ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಟವೆಲ್ಲನ್ನು ಮಡಿಸುತ್ತಲೇ ಇದ್ದಳು.

ಯಾಕೆ ನೋಡಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಆ ಭಾನುವಾರಗಳಲ್ಲಿ ದೊರೊತೆಯಾ ತಾನೇ ಬಸುರಿಯಾಗಿದ್ದಳು. ಅಷ್ಟು ವರ್ಷ ಕಾದ ಮೇಲೆ ನಿಂತದ್ದು. ಲಾಜರೊಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ಬಿಳಿ ಉಡುಪಿನ ಮೇಲೆ ಚಿತೆಂಜೆ ಸುತ್ತಿಕೊಂಡು, ಮಳೆಗೆ ಚಳಿಯಾಗುತ್ತದೆ ಎನ್ನುತ್ತಿದ್ದಳು. ಪೂಜೆಗೆ ಮುಂಚೆ ಬೊನಿಫಾಸಿಯೊನ ಕಿವಿಯಲ್ಲಿ ಬೇರೆಯವರ ಹೆಸರು ಉಸುರುವಾಗಲೆಲ್ಲ ತನ್ನದೂ ನಾಲಿಗೆಯ ತುದಿಗೆ ಬರುತ್ತಿತ್ತಂತೆ. ಮುಂದಿನ ವಾರ, ಇನ್ನೊಂದು ವಾರ ಎಂದು ನುಂಗಿಕೊಳ್ಳುತ್ತಿದ್ದಳಂತೆ. ಮಾಟದ ಭಯ ತನಗಿಲ್ಲ, ಬರೀ ಎಚ್ಚರಿಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳಂತೆ. ನಮ್ಮಮ್ಮಂದಿರು ನಮಗೆ ಹೇಳಿದ್ದೂ ಅದೇ ಮಾತು ತಾನೇ?

ಮಳೆಗಾಲದ ನಡುವೆ, ಮನೆಗಳಲ್ಲಿ ಹಿಟ್ಟಿನ ಮಡಕೆ ತಳ ಕಂಡ ದಿನಗಳಲ್ಲಿ, ಫಾಲೇಸಿಗೆ ಜ್ವರ ಬಂತು. ಎಲೆನಾ ಬೇರು ತೇಯ್ದು ಕುಡಿಸಿದಳೇ ಹೊರತು ಆಸ್ಪತ್ರೆಗೆ ತರಲಿಲ್ಲ. ಬೆಳಗಿನ ಜಾವ ಮಗು ಹೊರಗೆ ಬಂತು. ಗಂಡು, ಅಂಗೈಯಗಲ, ಉಸಿರಿಲ್ಲ. ರಕ್ತ ನಿಲ್ಲದೆ ಹೋದಾಗಲೇ ಎಲೆನಾ ಹೆದರಿ ನನ್ನ ಬಾಗಿಲು ಬಡಿದದ್ದು. ನಾನು ದೊರೊತೆಯಾಳನ್ನು ಕರೆದುಕೊಂಡು ಓಡಿದೆ. ಅವಳು ಇಂಜೆಕ್ಷನ್ ಕೊಟ್ಟಳು, ಹೊಟ್ಟೆ ನೀವಿದಳು, ಹಾಸಿದ ಬಟ್ಟೆ ಬದಲಾಯಿಸಿ ಬದಲಾಯಿಸಿ ನೋಡಿದಳು. ರಕ್ತ ನಿಂತಿತು. ಜ್ವರ ಇಳಿಯುವವರೆಗೆ ಮಂಡಿಯೂರಿ ಕೂತಿದ್ದಳು. ಹುಡುಗಿ ಉಳಿದಳು.

ಊರಿನ ಹೆಂಗಸರು ಬಂದು ಗೋಡೆಯುದ್ದಕ್ಕೂ ಕೂತರು. ಹೆಸರು ಕೂಗಿದ್ದಕ್ಕೇ ಮಗು ಹೋಯಿತು ಎಂಬುದು ಅವರೆಲ್ಲರ ಮನಸ್ಸಿನಲ್ಲಿತ್ತು. ಮಾತ್ರೆಗೆ ಬರದಿದ್ದುದರಿಂದ ಮಗು ಹೋಯಿತು ಎಂಬುದು ದೊರೊತೆಯಾಗೆ ಗೊತ್ತಿತ್ತು. ಮಾತ್ರೆಗೆ ಬರದಿದ್ದುದು ಯಾತಕ್ಕೆ ಎಂದು ಕೇಳಿಕೊಂಡರೆ ಎರಡೂ ಒಂದೇ ಕಡೆ ಬಂದು ನಿಲ್ಲುತ್ತಿದ್ದವು. ಅವಳು ಅದನ್ನು ಕೇಳಿಕೊಂಡಳು. ಅವಳ ಮುಖದಲ್ಲೇ ನನಗೆ ಕಾಣಿಸಿತು.

ಹೀಗೆ ಹೋದ ಕೂಸನ್ನು ನಮ್ಮಲ್ಲಿ ಗಂಡಸರು ಮುಟ್ಟುವುದಿಲ್ಲ. ಡೋಲಿಲ್ಲ, ಹಾಡಿಲ್ಲ. ಅಲ್ಲಿ ಸೇರಿದ ಹೆಂಗಸರೇ ಹೊಳೆ ಬದಿಯ ಹಸಿ ಮಣ್ಣಲ್ಲಿ ಹೂಳಿ ಬರುತ್ತಾರೆ. ಎಲ್ಲರೂ ಹೋಗಬೇಕು, ಕೂಸು ಕಳೆದುಕೊಂಡವಳನ್ನೂ ಅವಳಿಗೆ ಆಸರೆಯಾಗಿ ಕೂರುವ ಒಬ್ಬಳನ್ನೂ ಬಸುರಿಯನ್ನೂ ಬಿಟ್ಟು. ಬಸುರಿ ಆ ಮಣ್ಣು ತುಳಿದರೆ ಅವಳದ್ದೂ ಉಳಿಯುವುದಿಲ್ಲ ಎನ್ನುತ್ತಾರೆ. ಆದ್ದರಿಂದ ಬೇರೆ ಯಾರಾದರೂ ಹಿಂದುಳಿದರೆ ಏಕೆಂದು ಕೇಳುವ ಅಗತ್ಯವೇ ಇಲ್ಲ.

ಎಲೆನಾ ಮೂಲೆಯಲ್ಲಿದ್ದ ಗುದ್ದಲಿ ತಂದು ದೊರೊತೆಯಾಳ ಮುಂದೆ ಹಿಡಿದಳು.

"ತಗೊಳ್ಳಿ ಸಿಸ್ಟರ್. ಹೆಸರು ಕೂಗಿಸಿದ್ದು ನೀವು. ಮಣ್ಣೂ ನೀವೇ ಹಾಕಿ ಬನ್ನಿ."

ದೊರೊತೆಯಾ ಎದ್ದಳು. ಗುದ್ದಲಿ ಹಿಡಿದುಕೊಂಡಳು. ಏಳುವಾಗ ಅವಳ ಎಡಗೈ ತಾನಾಗಿ ಹೊಟ್ಟೆಯ ಮೇಲೆ ಹೋದದ್ದನ್ನು ನಾನು ನೋಡಿದೆ. ಹೆಂಗಸರು ಒಬ್ಬೊಬ್ಬರೇ ಹೊರಟರು. ಬಟ್ಟೆ ಸುತ್ತಿದ ಪುಟ್ಟ ಗಂಟನ್ನು ಎಲೆನಾ ಎತ್ತಿಕೊಂಡಳು. ದೊರೊತೆಯಾ ಹೊಸಿಲಿನ ಹತ್ತಿರ ನಿಂತಳು. ದಾಟಿದರೆ ಆ ಮಣ್ಣಿಗೆ ಹೋಗಬೇಕು, ದಾಟದಿದ್ದರೆ ತಾನು ಬಸುರಿ ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಅಷ್ಟು ಪಾಠ ಹೇಳಿದವಳು, ಅಷ್ಟು ಜನರನ್ನು ನಿಲ್ಲಿಸಿದವಳು, ಒಂದು ಹೆಜ್ಜೆ ಇಡಲಾರದೆ ಗುದ್ದಲಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು.

ನಾನು ಫಾಲೇಸಿಯ ಬೆನ್ನಿಗೆ ಆಸರೆಯಾಗಿ ಕೂತಿದ್ದೆ. ಹೊಟ್ಟೆಗೆ ಹೋದ ಆ ಎಡಗೈಯನ್ನು ಅವಳೂ ಕಂಡಿರಬೇಕು. ಅವಳು ತಲೆ ಎತ್ತಿ ಕೂಗಿದಳು:

"ಅಮ್ಮಾ, ಸಿಸ್ಟರ್ ಇಲ್ಲೇ ಇರಲಿ. ನನಗೆ ಮತ್ತೆ ಮೈ ಸುಡ್ತಾ ಇದೆ. ಅಕ್ಕ ಒಬ್ಬಳೇ ಇದ್ದರೆ ಭಯ ಆಗುತ್ತೆ."

ಎಲೆನಾ ತಿರುಗಿ ನೋಡಿದಳು. ಆಮೇಲೆ ದೊರೊತೆಯಾಳ ಕೈಯಿಂದ ಗುದ್ದಲಿ ಕಿತ್ತುಕೊಂಡು ಹೊರಟುಹೋದಳು.

ದೊರೊತೆಯಾ ಓಡಿ ಬಂದು ಹುಡುಗಿಯ ಹಣೆ ಮುಟ್ಟಿದಳು. ನಾನೂ ಕುತ್ತಿಗೆ ಮುಟ್ಟಿದೆ. ತಣ್ಣಗಿತ್ತು.

"ಜ್ವರ ಇಲ್ವಲ್ಲಮ್ಮ," ಎಂದಳು ದೊರೊತೆಯಾ.

"ಇಲ್ಲ ಸಿಸ್ಟರ್," ಎಂದಳು ಫಾಲೇಸಿ ಪಿಸುಮಾತಿನಲ್ಲಿ. "ನೀವು ಆ ಮಣ್ಣಿಗೆ ಹೋಗಬೇಡಿ. ಎಷ್ಟು ತಿಂಗಳು ಅಂತ ನಾನು ಕೇಳಲ್ಲ. ನಾನು ಯಾರಿಗೂ ಹೇಳಲ್ಲ. ಈ ಅಕ್ಕಾನೂ ಹೇಳಲ್ಲ, ಅಲ್ವಾ ಅಕ್ಕಾ?"

ಹೇಳುವುದಿಲ್ಲ ಎಂದೆ. ಬಾಯಿ ಬಿಡುವುದೇ ಬದುಕಾಗಿರುವ ನಾನು ಹಾಗೆ ಹೇಳಿದೆ. ದೊರೊತೆಯಾ ಚಾಪೆಯ ಅಂಚಿನಲ್ಲಿ ಕುಸಿದಳು. ಅಳಲಿಲ್ಲ, ಅಳುವುದಕ್ಕೂ ಮುಖ ಬೇಕು. ನಾಚಿಕೆಯಿಂದ ಮನುಷ್ಯ ಇಷ್ಟು ಚಿಕ್ಕವನಾಗಬಹುದೆಂದು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹೊಳೆಯ ಕಡೆಯಿಂದ ಗುದ್ದಲಿ ಬೀಳುವ ಸದ್ದು ಕೇಳುತ್ತಿತ್ತು. ಮುಗಿಯುವವರೆಗೆ ಅವಳು ಫಾಲೇಸಿಯ ಪಾದಗಳನ್ನು ಹಿಡಿದುಕೊಂಡು ಕೂತಿದ್ದಳು.

ವಾಪಸ್ ಬರುವ ದಾರಿಯಲ್ಲಿ ಹೇಳಿದಳು: "ಅಕ್ಕಾ, ಅವಳದನ್ನ ನಾನು ಡೋಲು ಹೊಡೆಸಿ ಹೇಳಿದೆ. ನನ್ನದನ್ನ ಅವಳು ಸುಳ್ಳು ಹೇಳಿ ಮುಚ್ಚಿದಳು. ಆಗ ಅವಳ ಮಗು ಇನ್ನೂ ಮಣ್ಣಿಗೂ ಹೋಗಿರಲಿಲ್ಲ."

"ಹೋಗಲಿ ಬಿಡೇ," ಎಂದೆ.

"ನಾನು ಹೆದರಿದ್ದೆ ಅಕ್ಕಾ. ಅವರಷ್ಟೇ ಹೆದರಿದ್ದೆ. ಗೊತ್ತಿದ್ದೂ ನಿಲ್ಲಿಸಿದೆ."

ಆ ಭಾನುವಾರ ಬೊನಿಫಾಸಿಯೊನ ಕಿವಿಯಲ್ಲಿ ಅವಳು ಒಂದೇ ಹೆಸರು ಹೇಳಿದಳು. ಅವನು ಬಲಿಪೀಠದ ಪಕ್ಕಕ್ಕೆ ಬಂದವನು ಗಂಟಲು ಸರಿ ಮಾಡಿಕೊಂಡ, ಮತ್ತೊಮ್ಮೆ ಸರಿ ಮಾಡಿಕೊಂಡ. ಅವಳ ಕಡೆ ನೋಡಿದ. ಅವಳು ತಲೆಯಾಡಿಸಿದಳು. "ನಮ್ಮ... ನಮ್ಮ ಸಿಸ್ಟರ್ ದೊರೊತೆಯಾ," ಎಂದ, ಎಂದೂ ಇಲ್ಲದ ಸಣ್ಣ ದನಿಯಲ್ಲಿ. ಡೋಲಿನವನು ಏನೂ ತಿಳಿಯದೆ ಎರಡು ಸಲ ಬಡಿದು ನಿಲ್ಲಿಸಿದ. ಗಂಡಸರ ಸಾಲಿನಲ್ಲಿ ನಾಲ್ಕು ಚಪ್ಪಾಳೆ ಬಿದ್ದು ಸತ್ತವು. ಲಾಜರೊ ಎದ್ದು ನಿಲ್ಲಲು ಹೋಗಿ ಕೂತುಬಿಟ್ಟ.

ದೊರೊತೆಯಾ ಎದ್ದು ನಮ್ಮ ಕಡೆ ತಿರುಗಿದಳು. ಮೇಲೆ ಹೊದ್ದ ಬಟ್ಟೆ ತೆಗೆದು ಬೆಂಚಿನ ಮೇಲಿಟ್ಟಳು.

"ನನಗೆ ಭಯ ಇತ್ತು, ಅದಕ್ಕೇ ಇಷ್ಟು ದಿನ ಮುಚ್ಚಿಟ್ಟೆ," ಎಂದಳು. "ನಿಮ್ಮ ಭಯಾನೂ ನನಗೆ ಗೊತ್ತಿತ್ತು. ನಿಮ್ಮದನ್ನ ಕೂಗಿಸಿದೆ, ನನ್ನದನ್ನ ಕೂಗಿಸಲಿಲ್ಲ. ಇನ್ನು ಈ ಚರ್ಚಲ್ಲಿ ಯಾರ ಹೊಟ್ಟೇನೂ ಕೂಗಲ್ಲ. ಇದೇ ಕೊನೇದು. ಈಗ ನೋಡಿ, ಎಷ್ಟು ಬೇಕೋ ಅಷ್ಟು ನೋಡಿ."

ಆಮೇಲೆ ನಮ್ಮ ಹೆಂಗಸರು, ಮುಂದಿನ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಬ್ಬೊಬ್ಬರಾಗಿ ಕಣ್ಣು ತಗ್ಗಿಸಿದರು. ಎಳೆ ಬಸುರನ್ನು ಕಂಡಾಗ ತಗ್ಗಿಸುವ ಹಾಗೆಯೇ. ನಾನು ಎಲೆನಾಳನ್ನೇ ನೋಡುತ್ತಿದ್ದೆ. ಅವಳು ಬೇಕೆಂದಿದ್ದರೆ ದಿಟ್ಟಿಸಿ ನೋಡಬಹುದಿತ್ತು. ಊರಲ್ಲಿ ಒಬ್ಬರೂ ಅವಳನ್ನು ತಪ್ಪು ಎನ್ನುತ್ತಿರಲಿಲ್ಲ. ಅವಳ ಕಣ್ಣು ಒಂದು ಗಳಿಗೆ ದೊರೊತೆಯಾಳ ಮುಖದ ಮೇಲೆ ನಿಂತಿತು. ಆಮೇಲೆ ಅವಳೂ ತಲೆ ತಗ್ಗಿಸಿ ನೆಲ ನೋಡಿದಳು.

ನೋಡಿ ಎಂದವಳನ್ನು ನೋಡುವವರು ಒಬ್ಬರೂ ಇರಲಿಲ್ಲ. ದೊರೊತೆಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಳು. ಪಾದ್ರಿ ಏನು ಮಾಡಬೇಕೆಂದು ತೋಚದೆ ಆಶೀರ್ವಾದ ಹೇಳಿಬಿಟ್ಟರು.

ಆಸ್ಪತ್ರೆಯ ಬೆಂಚು ಒಂದೇ ಸಲಕ್ಕೆ ತುಂಬಲಿಲ್ಲ. ದೊರೊತೆಯಾ ಆಸ್ಪತ್ರೆಯ ಹಿಂದೆ, ಜೋಳದ ಕಣಜದ ಪಕ್ಕ ಇದ್ದ ಹಳೆಯ ಬಾಗಿಲಿನ ಬೀಗ ತೆಗೆಸಿದಳು. ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಹೊಲಕ್ಕೆ ಹೋಗುವವರ ಹಾಗೆ ಒಬ್ಬಿಬ್ಬರು ಆ ಕಡೆ ತಿರುಗತೊಡಗಿದರು. ನನಗೆ ಗೇಟಿನಿಂದ ಎಲ್ಲ ಕಾಣುತ್ತದೆ, ಆದರೆ ಈಗ ಬಾಣಲೆ ನೋಡುವುದನ್ನು ಕಲಿತಿದ್ದೇನೆ. ಬಿಷಪ್ಪರ ಕಚೇರಿಯವರು ಹೊಸ ನರ್ಸುಗಳನ್ನು ಕಲಿಯಲು ಕಳಿಸಿದಾಗ ಅವಳು ಮೊದಲು ಹೇಳುವುದು ಈ ಚರ್ಚಿನ ಕಥೆಯನ್ನೇ, ಮಾವಿನ ಮರದ ಕೆಳಗೆ, ಏನೂ ಬಿಡದೆ. ಕೇಳುವ ಹುಡುಗಿಯರು ಕಿವಿ ಕೆಂಪಾಗಿ ಕೂರುತ್ತಾರೆ. ತನ್ನ ಮಗಳು ಪಕ್ಕದಲ್ಲೇ ಮಣ್ಣಲ್ಲಿ ಆಡುತ್ತಿದ್ದರೂ ಹೇಳುತ್ತಾಳೆ.

ಎರಡು ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಎಲೆನಾ ಮಗಳನ್ನು ಕರೆದುಕೊಂಡು ಹಿಂದಿನ ಬಾಗಿಲಿಗೆ ಬಂದಳು. ನಾನು ಒಳಗೆ ಚಹಾ ಕೊಡಲು ಹೋಗಿದ್ದೆ.

"ನಾವು ಇವತ್ತು ಇಲ್ಲಿಗೆ ಬಂದಿಲ್ಲ ಸಿಸ್ಟರ್," ಎಂದಳು ಎಲೆನಾ.

"ಯಾರೂ ಬಂದಿಲ್ಲಮ್ಮ," ಎಂದಳು ದೊರೊತೆಯಾ.

ಫಾಲೇಸಿ ಕೈ ಚಾಚಿದಳು. ದೊರೊತೆಯಾ ಆ ಅಂಗೈಯ ಮೇಲೆ ಮಾತ್ರೆಗಳನ್ನಿಟ್ಟು, ನೀರಿನ ಲೋಟ ಕೊಟ್ಟು, ನುಂಗುವವರೆಗೆ ಕಾದಳು. ಫಾಲೇಸಿ ಅವಳ ಮುಖ ನೋಡಿ ನಕ್ಕಳು. ದೊರೊತೆಯಾ ತಲೆ ಎತ್ತಲಿಲ್ಲ. ಇವತ್ತಿಗೂ ಆ ಹುಡುಗಿ ಬಂದರೆ ಅವಳು ಕೈಯನ್ನಷ್ಟೇ ನೋಡುತ್ತಾಳೆ.